ಡಿ.ಎಂ. ಎಂದರೆ ಮಧುಮೇಹವಲ್ಲ: ತಜ್ಞರ ಪದವಿಗಳನ್ನು ಓದಲು ಕಲಿಯೋಣ



ನೈರೋಬಿಯಲ್ಲಿ ನೆಲೆಸಿರುವ ನಮಗೆ ನವೆಂಬರ್ ತಿಂಗಳೆಂದರೆ ಮೊದಲು ನೆನಪಾಗುವುದು ಕನ್ನಡ ರಾಜ್ಯೋತ್ಸವ. ಅದೇ ತಿಂಗಳ 14ನೆಯ ತಾರೀಖು ವಿಶ್ವ ಮಧುಮೇಹ ದಿನವೂ ಹೌದು. ಆದ್ದರಿಂದ ರಾಜ್ಯೋತ್ಸವದ ಕಾರ್ಯಕ್ರಮಗಳ ಜೊತೆಗೆ ಒಂದು ಆರೋಗ್ಯ ಉಪನ್ಯಾಸವನ್ನೂ ರಕ್ತದ ಸಕ್ಕರೆಯ ತಪಾಸಣಾ ಶಿಬಿರವನ್ನೂ ಏರ್ಪಡಿಸುವುದು ನಮ್ಮ ಸಂಘದ ರೂಢಿ. ಈ ಸಲ ಊರಿನಿಂದ ಬರಲಿರುವ ತಜ್ಞರ ಪರಿಚಯವನ್ನು ಬರೆದುಕೊಡುವ ಕೆಲಸ ನಮ್ಮ ಪಾಲಿಗೆ ಬಂದಿತು. ಹೆಸರು, ಭಾವಚಿತ್ರ, ಕೆಳಗೆ ‘ಎಂಬಿಬಿಎಸ್, ಎಂ.ಡಿ., ಡಿ.ಎಂ.’ ಎಂಬ ಒಂದು ಸಾಲು. ಇಷ್ಟನ್ನು ಕಳುಹಿಸಿ, ಕರ್ತವ್ಯ ಮುಗಿಯಿತೆಂದು ನಿರಾಳವಾದೆವು.

ಮರುದಿನ ಸಂಘದ ಹಿರಿಯ ಸದಸ್ಯರೊಬ್ಬರು ದೂರವಾಣಿ ಕರೆ ಮಾಡಿದರು. “ಡಾಕ್ಟ್ರೇ, ನನ್ನ ಫೈಲಿನ ಮೇಲೆ ಹತ್ತು ವರ್ಷದಿಂದ ಡಿ.ಎಂ., ಡಿ.ಎಂ. ಅಂತ ಬರೆಯುತ್ತಿದ್ದಾರೆ. ನಿಮ್ಮ ಅತಿಥಿಗಳ ಹೆಸರಿನ ಮುಂದೆಯೂ ಡಿ.ಎಂ. ಇದೆ. ಅಂದರೆ ಅವರು ಸಕ್ಕರೆ ಕಾಯಿಲೆಯಲ್ಲೇ ಡಿಗ್ರಿ ಮಾಡಿದವರೋ, ಇಲ್ಲ ಪಾಪ ಅವರಿಗೂ ಸಕ್ಕರೆ ಕಾಯಿಲೆಯೋ?” ಇಬ್ಬರೂ ನಕ್ಕೆವು. ಆದರೆ ಅವರ ಮುಂದಿನ ಮಾತು ನಮ್ಮ ನಗುವನ್ನು ನಿಲ್ಲಿಸಿತು. “ಊರಿನಲ್ಲಿ ನನ್ನ ಹೃದಯದ ಡಾಕ್ಟರಿಗೂ ಡಿ.ಎಂ. ಆಗಿದೆ. ಹಾಗಾಗಿ ಸಕ್ಕರೆಗೂ ಅವರೇ ದೊಡ್ಡವರು ಅಂತ ಇಷ್ಟು ದಿನ ಬೇರೆ ಯಾರಿಗೂ ತೋರಿಸಲೇ ಇಲ್ಲ.”

ತಪ್ಪು ಅವರದಲ್ಲ. ರೋಗಿಯ ಕಡತದಲ್ಲಿ ಡಿ.ಎಂ. ಎಂದರೆ ಡಯಾಬಿಟಿಸ್ ಮೆಲ್ಲಿಟಸ್, ಅಂದರೆ ಮಧುಮೇಹ. ವೈದ್ಯರ ಹೆಸರಿನ ಮುಂದೆ ಅದೇ ಎರಡು ಅಕ್ಷರ ಡಾಕ್ಟರೇಟ್ ಆಫ್ ಮೆಡಿಸಿನ್ ಎಂಬ ಉನ್ನತ ಪದವಿಯನ್ನು ಸೂಚಿಸುತ್ತದೆ. ಹೃದ್ರೋಗ, ನರರೋಗ, ಮೂತ್ರಪಿಂಡದ ರೋಗ ಎಂದು ಹಲವು ಶಾಖೆಗಳಲ್ಲಿ ಡಿ.ಎಂ. ಇದೆ. ಅವುಗಳ ಪೈಕಿ ಎಂಡೋಕ್ರಿನಾಲಜಿ, ಅಂದರೆ ಹಾರ್ಮೋನುಗಳನ್ನು ಸ್ರವಿಸುವ ನಿರ್ನಾಳ ಗ್ರಂಥಿಗಳ ಶಾಸ್ತ್ರ, ಒಂದು. ಶಾಖೆಯ ಹೆಸರನ್ನು ಬರೆಯದೆ ಬರಿಯ ಅಕ್ಷರಗಳನ್ನು ಅಚ್ಚು ಮಾಡಿದ್ದು ನಮ್ಮ ಪ್ರಮಾದ. ಆ ಪ್ರಮಾದಕ್ಕೆ ಪ್ರಾಯಶ್ಚಿತ್ತವೆಂಬಂತೆ ಈ ಲೇಖನ. ನಮ್ಮ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇವೆ: ತಜ್ಞರ ತರಬೇತಿ ಏನೆಂಬುದನ್ನು ತಿಳಿಯದೆ ನಾವು ಅವರನ್ನು ಪೂಜಿಸುತ್ತಿದ್ದೇವೆ, ಅದೇ ಕಾರಣದಿಂದ ಅವರು ನಿಜವಾಗಿ ಬೇಕಾದಾಗ ಅವರ ಬಳಿಗೆ ಹೋಗುತ್ತಿಲ್ಲ.

ಮೊದಲು ದಾರಿಯ ಉದ್ದವನ್ನು ನೋಡೋಣ. ಭಾರತದಲ್ಲಿ ಎಂಬಿಬಿಎಸ್ ಎಂದರೆ ನಾಲ್ಕೂವರೆ ವರ್ಷದ ವ್ಯಾಸಂಗ ಮತ್ತು ಒಂದು ವರ್ಷದ ಕಡ್ಡಾಯ ಇಂಟರ್ನ್‌ಶಿಪ್. ನಾವು ನಿಂತಿರುವುದು ಈ ಮೆಟ್ಟಿಲಿನ ಮೇಲೆ. ಅನಂತರ ಜನರಲ್ ಮೆಡಿಸಿನ್ ಅಥವಾ ಮಕ್ಕಳ ವೈದ್ಯಶಾಸ್ತ್ರದಲ್ಲಿ ಮೂರು ವರ್ಷದ ಎಂ.ಡಿ. ಅದಾದ ಮೇಲೆ ಮತ್ತೊಂದು ಪ್ರವೇಶ ಪರೀಕ್ಷೆ, ಮತ್ತೆ ಮೂರು ವರ್ಷದ ಡಿ.ಎಂ. ಒಟ್ಟು ಹನ್ನೊಂದೂವರೆ ವರ್ಷ. ನಡುವೆ ಪರೀಕ್ಷೆಗಳಿಗೆ ಕಾಯುವ ಕಾಲವನ್ನು ಸೇರಿಸಿದರೆ, ಹದಿನೆಂಟರಲ್ಲಿ ಕಾಲೇಜು ಸೇರಿದವರು ಮೂವತ್ತು ದಾಟಿದ ಮೇಲೆಯೇ ಸ್ವತಂತ್ರ ತಜ್ಞರಾಗುತ್ತಾರೆ.

ನಾವು ಬದುಕುತ್ತಿರುವ ಕೀನ್ಯಾದಲ್ಲಿ ಅಕ್ಷರಗಳು ಬೇರೆ, ಮೆಟ್ಟಿಲುಗಳು ಹೆಚ್ಚು ಕಡಿಮೆ ಅವೇ. ನೈರೋಬಿ ವಿಶ್ವವಿದ್ಯಾಲಯದಂಥ ಕಡೆ ಮೊದಲ ಪದವಿ ಎಂಬಿಸಿಎಚ್‌ಬಿ. ಅದರ ಮೇಲೆ ಎಂಮೆಡ್, ಅದರ ಮೇಲೆ ಎಂಡೋಕ್ರಿನಾಲಜಿಯ ಫೆಲೋಶಿಪ್. ಹೀಗಾಗಿ ಇಲ್ಲಿಯ ತಜ್ಞರ ಹೆಸರಿನ ಮುಂದೆ ಡಿ.ಎಂ. ಕಾಣದೆ, “ಇವರು ಬರಿಯ ಎಂಮೆಡ್” ಎಂದು ನಮ್ಮವರು ಮೂಗು ಮುರಿಯುವುದನ್ನು ಕೇಳಿದ್ದೇವೆ. ಅದು ಅಜ್ಞಾನ. ಬ್ರಿಟನ್ನಿನಿಂದ ಬಂದವರ ಎಂಆರ್‌ಸಿಪಿ ಕಂಡೊಡನೆ ಬೆರಗಾಗುವುದೂ ಅಷ್ಟೇ ಅಜ್ಞಾನ. ಎಂಆರ್‌ಸಿಪಿ ಎನ್ನುವುದು ಸಾಮಾನ್ಯ ವೈದ್ಯಶಾಸ್ತ್ರದ ಕಠಿಣವಾದ ಪರೀಕ್ಷೆ, ನಿಜ. ಆದರೆ ಅದು ತಾನಾಗಿಯೇ ಯಾರನ್ನೂ ಮಧುಮೇಹ ತಜ್ಞರನ್ನಾಗಿ ಮಾಡುವುದಿಲ್ಲ. ಅದರ ಮೇಲೆ ಹಲವು ವರ್ಷಗಳ ವಿಶೇಷ ತರಬೇತಿ ಮುಗಿಸಿ ಅಲ್ಲಿಯ ತಜ್ಞರ ನೋಂದಣಿ ಪಟ್ಟಿಗೆ ಸೇರಬೇಕು.

ನಮ್ಮಲ್ಲಿ ಅನೇಕರಿಗೆ ತಿಳಿಯದ ಒಂದು ಸಂಗತಿಯನ್ನು ಇಲ್ಲಿ ಹೇಳಬೇಕು. ಆಫ್ರಿಕಾದ ಮಕ್ಕಳ ಹಾರ್ಮೋನು ತಜ್ಞರ ತರಬೇತಿಗೆ 2008ರಲ್ಲಿ ಒಂದು ಕೇಂದ್ರ ಆರಂಭವಾದದ್ದು ನಮ್ಮ ಇದೇ ನೈರೋಬಿಯಲ್ಲಿ. ಯುರೋಪಿನ ಮಕ್ಕಳ ಎಂಡೋಕ್ರಿನಾಲಜಿ ಸಂಘದ ಮತ್ತು ಮಕ್ಕಳ ಮಧುಮೇಹದ ಅಂತರರಾಷ್ಟ್ರೀಯ ಸಂಘದ ನೆರವಿನಿಂದ ಅದು ನಡೆಯಿತು. ಖಂಡದ ಬೇರೆ ಬೇರೆ ದೇಶಗಳ ಮಕ್ಕಳ ವೈದ್ಯರು ಇಲ್ಲಿಗೆ ಬಂದು, ಕಲಿತು, ತಮ್ಮ ತಮ್ಮ ದೇಶಗಳಿಗೆ ಮರಳಿದರು. 2012ರಲ್ಲಿ ಪಶ್ಚಿಮ ಆಫ್ರಿಕಾಕ್ಕಾಗಿ ಲಾಗೋಸ್‌ನಲ್ಲಿ ಇನ್ನೊಂದು ಕೇಂದ್ರ ಆರಂಭವಾಯಿತು. ಮಗುವಿಗೆ ಸಕ್ಕರೆ ಕಾಯಿಲೆ ಎಂದೊಡನೆ ವಿಮಾನದ ಟಿಕೆಟ್ ಹುಡುಕುವ ತಂದೆತಾಯಿಗಳು ಈ ಮಾತನ್ನು ನೆನಪಿನಲ್ಲಿಡಲಿ. ಆ ಸ್ಥಿತಿಯಲ್ಲಿ ಪ್ರಯಾಣ ಅಪಾಯಕಾರಿ, ಮತ್ತು ಬೇಕಾದ ವಿದ್ಯೆ ಇದೇ ಊರಿನಲ್ಲಿದೆ.

ಇಷ್ಟು ವರ್ಷ ಅವರು ಓದುವುದಾದರೂ ಏನನ್ನು? “ಸಕ್ಕರೆ ಜಾಸ್ತಿಯಾದರೆ ಮಾತ್ರೆ, ಇನ್ನೂ ಜಾಸ್ತಿಯಾದರೆ ಇನ್ಸುಲಿನ್. ಇದಕ್ಕೆ ಹನ್ನೊಂದು ವರ್ಷ ಬೇಕೇ?” ಎಂದು ಒಮ್ಮೆ ಗೆಳೆಯರೊಬ್ಬರು ಕೇಳಿದ್ದರು. ರಕ್ತದಲ್ಲಿ ಸಕ್ಕರೆ ಏರುವುದು ಹಲವು ಕಾರಣಗಳಿಂದ. ನಮ್ಮಲ್ಲಿ ಬಹುಪಾಲು ಜನರಿಗಿರುವುದು ಎರಡನೆಯ ಬಗೆಯ ಮಧುಮೇಹ, ನಿಜ. ಆದರೆ ದೇಹದ ರೋಗನಿರೋಧಕ ಶಕ್ತಿಯೇ ಇನ್ಸುಲಿನ್ ತಯಾರಿಸುವ ಕೋಶಗಳನ್ನು ನಾಶ ಮಾಡುವ ಮೊದಲನೆಯ ಬಗೆಯದಿದೆ. ಒಂದೇ ವಂಶವಾಹಿಯ ದೋಷದಿಂದ ತಲೆಮಾರಿನಿಂದ ತಲೆಮಾರಿಗೆ ಹರಿಯುವಂಥದ್ದಿದೆ. ಮೇದೋಜೀರಕ ಗ್ರಂಥಿಯಲ್ಲಿ ಕಲ್ಲುಗಟ್ಟಿ ಬರುವಂಥದ್ದು ದಕ್ಷಿಣ ಭಾರತದಲ್ಲಿ ವೈದ್ಯರಿಗೆ ಪರಿಚಿತ. ಪಿಟ್ಯುಟರಿ ಅಥವಾ ಅಡ್ರಿನಲ್ ಗ್ರಂಥಿಯ ಗೆಡ್ಡೆಯೊಂದು ಸಕ್ಕರೆಯನ್ನು ಏರಿಸುತ್ತಿರಬಹುದು. ಕೀಲುನೋವಿಗೆಂದು ಯಾರೋ ಕೊಟ್ಟ ಪುಡಿಯಲ್ಲಿ ಬೆರೆತಿದ್ದ ಸ್ಟೀರಾಯ್ಡ್ ಕಾರಣವಾಗಿರಬಹುದು. ಬಸುರಿಯಲ್ಲಿ ಕಾಣಿಸಿಕೊಳ್ಳುವುದು ಇನ್ನೊಂದು ಬಗೆ.

ಪರೀಕ್ಷೆಯ ಫಲಿತಾಂಶವೂ ಕೆಲವೊಮ್ಮೆ ದಾರಿ ತಪ್ಪಿಸುತ್ತದೆ. ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ ಎಂಬ ಪರೀಕ್ಷೆಯನ್ನೇ ತೆಗೆದುಕೊಳ್ಳಿ. ಕಬ್ಬಿಣದ ಕೊರತೆಯ ರಕ್ತಹೀನತೆ ಇದ್ದರೆ ಅದು ಇರುವುದಕ್ಕಿಂತ ಹೆಚ್ಚು ತೋರಿಸಬಹುದು. ಕೀನ್ಯಾದ ಕೆಲವು ಭಾಗಗಳಲ್ಲಿ ಸಾಮಾನ್ಯವಾಗಿರುವ ಸಿಕಲ್ ಸೆಲ್‌ನಂಥ ಹಿಮೋಗ್ಲೋಬಿನ್ ವ್ಯತ್ಯಾಸಗಳಿದ್ದರೆ ಅದನ್ನು ನಂಬುವಂತಿಲ್ಲ. ಅಂಕಿ ಸರಿಯಿದ್ದೂ ರೋಗಿ ಸರಿಯಿಲ್ಲ ಎಂದು ಗುರುತಿಸುವ ಕಣ್ಣು ಆ ದೀರ್ಘ ತರಬೇತಿಯಿಂದ ಬರುತ್ತದೆ. ಬೆಂಗಳೂರಿನಲ್ಲಿ ಕರ್ನಾಟಕ ಸರ್ಕಾರದ ನೆರವಿನಿಂದ ನಡೆಯುವ ಸಂಸ್ಥೆಯ ಹೆಸರು ಮೊದಲು ‘ಕರ್ನಾಟಕ ಇನ್‌ಸ್ಟಿಟ್ಯೂಟ್ ಆಫ್ ಡಯಾಬಿಟಾಲಜಿ’ ಎಂದಿತ್ತು. ಈಗ ಅದು ‘ಕರ್ನಾಟಕ ಇನ್‌ಸ್ಟಿಟ್ಯೂಟ್ ಆಫ್ ಎಂಡೋಕ್ರಿನಾಲಜಿ ಅಂಡ್ ರಿಸರ್ಚ್’. ಮಧುಮೇಹವನ್ನು ಉಳಿದ ಗ್ರಂಥಿಗಳಿಂದ ಬಿಡಿಸಿ ನೋಡಲಾಗದೆಂಬ ಅರಿವು ಆ ಹೆಸರಿನಲ್ಲಿದೆ.

ಇಲ್ಲಿಯವರೆಗೆ ಬರೆದದ್ದನ್ನು ಯಾವ ಪುಸ್ತಕದಿಂದಲಾದರೂ ಓದಿಕೊಳ್ಳಬಹುದು. ಇನ್ನು ಬರೆಯುವುದು ನಮ್ಮದೇ ಅನುಭವ, ಹೇಳಿಕೊಳ್ಳಲು ಹಿತವಾದುದಲ್ಲ.

ಕೆಲವು ವರ್ಷಗಳ ಹಿಂದೆ ಸಂಘದ ತಪಾಸಣಾ ಶಿಬಿರಕ್ಕೆ ಮೂವತ್ತಾರು ವಯಸ್ಸಿನ ಸದಸ್ಯರೊಬ್ಬರು ಬಂದಿದ್ದರು. ತೆಳ್ಳಗಿನ ಮೈಕಟ್ಟು. ಬೆಳಗಿನ ಬರಿಹೊಟ್ಟೆಯ ಸಕ್ಕರೆ 10.6 ಬಂದಿತು. ಇಲ್ಲಿಯ ಲ್ಯಾಬುಗಳು ಬಳಸುವ ಮಿಲಿಮೋಲ್ ಲೆಕ್ಕವನ್ನು ಹದಿನೆಂಟರಿಂದ ಗುಣಿಸಿದರೆ ಊರಿನ ಮಿಲಿಗ್ರಾಂ ಲೆಕ್ಕ ಸಿಗುತ್ತದೆ. ಅಂದರೆ ಸುಮಾರು 190. ಅವರ ತಂದೆಗೂ ಮಧುಮೇಹವಿತ್ತು. ನಾವು ಎರಡನೆಯ ಬಗೆಯದೆಂದೇ ತೀರ್ಮಾನಿಸಿ ಮಾತ್ರೆ ಆರಂಭಿಸಿದೆವು. ಸಂಘದ ಸ್ನೇಹ, ಮನೆಯ ಒಡನಾಟ. ಅವರು ಬೇರೆ ವೈದ್ಯರ ಬಳಿ ಹೋಗಲಿಲ್ಲ, ಹೋಗಿರೆಂದು ನಾವೂ ಹೇಳಲಿಲ್ಲ. ಎಂಟು ತಿಂಗಳಲ್ಲಿ ಎರಡು ಸಲ ಮಾತ್ರೆ ಬದಲಿಸಿದೆವು. ತೂಕ ಇಳಿಯುತ್ತಿತ್ತು. ಅವರು ಅನ್ನ ಬಿಟ್ಟಿದ್ದರು, ವಾರಕ್ಕೆ ಮೂರು ದಿನ ಕರೂರಾ ಅರಣ್ಯದಲ್ಲಿ ನಡೆಯುತ್ತಿದ್ದರು. ಒಂಬತ್ತು ಕಿಲೋ ಇಳಿದಾಗ ಸಂಘದ ಸಭೆಯಲ್ಲಿ ಅವರನ್ನು ಎಲ್ಲರಿಗೂ ಮಾದರಿಯೆಂದು ಹೊಗಳಿದವರು ನಾವೇ.

ಆ ವರ್ಷದ ಮಳೆಗಾಲದಲ್ಲಿ ಸಾಧಾರಣ ಜ್ವರ ಬಂದು, ವಾಂತಿಯಾಗಿ, ಉಸಿರು ಏದುಸಿರಾಗಿ ಅವರನ್ನು ರಾತ್ರಿ ಆಸ್ಪತ್ರೆಗೆ ಸೇರಿಸಬೇಕಾಯಿತು. ಕೀಟೋಆಸಿಡೋಸಿಸ್. ಇನ್ಸುಲಿನ್ನಿನ ತೀವ್ರ ಕೊರತೆಯಿಂದ ರಕ್ತ ಆಮ್ಲೀಯವಾಗುವ, ಪ್ರಾಣಕ್ಕೆ ಸಂಚಕಾರ ತರುವ ಸ್ಥಿತಿ. ಮರುದಿನ ಅವರನ್ನು ನೋಡಿದ ಎಂಡೋಕ್ರಿನಾಲಜಿಸ್ಟ್ ಎರಡು ರಕ್ತಪರೀಕ್ಷೆಗಳನ್ನು ಬರೆದರು: ಗ್ಯಾಡ್ ಪ್ರತಿಕಾಯ ಮತ್ತು ಸಿ-ಪೆಪ್ಟೈಡ್. ಉತ್ತರ ಸ್ಪಷ್ಟವಾಗಿತ್ತು. ಅದು ವಯಸ್ಕರಲ್ಲಿ ನಿಧಾನವಾಗಿ ಮುಂದುವರಿಯುವ ಮೊದಲನೆಯ ಬಗೆಯ ಮಧುಮೇಹ. ಮಾತ್ರೆಗಳಿಂದ ಆಗುವಂಥದ್ದಾಗಿರಲಿಲ್ಲ. ಅವರ ದೇಹ ಕರಗುತ್ತಿದ್ದುದನ್ನು ನಾವು ಶಿಸ್ತು ಎಂದು ಓದಿದ್ದೆವು.

ಈಗ ಅವರು ಇನ್ಸುಲಿನ್ ತೆಗೆದುಕೊಳ್ಳುತ್ತಾ ಆರೋಗ್ಯವಾಗಿದ್ದಾರೆ. ಇದನ್ನು ಬರೆಯಲು ಒಪ್ಪಿಗೆ ಕೇಳಿದಾಗ, “ಹೆಸರು ಹಾಕಬೇಡಿ, ಆದರೆ ಬರೀರಿ ಡಾಕ್ಟ್ರೇ, ಇನ್ನೊಬ್ಬರಿಗೆ ಹೀಗಾಗಬಾರದು” ಎಂದರು. ಅವರ ಔದಾರ್ಯ ನಮ್ಮ ತಪ್ಪನ್ನು ಹಗುರಗೊಳಿಸುವುದಿಲ್ಲ. ಆ ತಜ್ಞರು ನಮಗಿಂತ ಬುದ್ಧಿವಂತರಾಗಿದ್ದರೆಂದು ಹೇಳಿ ಪಾರಾಗುವಂತೆಯೂ ಇಲ್ಲ. ಅವರು ನೂರಾರು ಇಂಥ ರೋಗಿಗಳನ್ನು ಗುರುಗಳ ಜೊತೆ ನಿಂತು ನೋಡಿದ್ದರು, ನಾವು ನೋಡಿರಲಿಲ್ಲ. ನಾವು ಮಾಡಬೇಕಾಗಿದ್ದದ್ದು ಒಂದೇ: ತೆಳ್ಳಗಿನ ವ್ಯಕ್ತಿ, ಇಳಿಯುವ ತೂಕ, ಮಾತ್ರೆಗೆ ಬಗ್ಗದ ಸಕ್ಕರೆ ಎಂಬ ಮೂರನ್ನು ಕಂಡಾಗ, “ಇದು ನಮ್ಮ ತರಬೇತಿಯ ಆಚೆಗಿನದು” ಎಂದು ಒಪ್ಪಿಕೊಳ್ಳುವುದು.

ಈ ನಿಧಾನಗತಿಯ ಕಾಯಿಲೆಯನ್ನು ಅರ್ಥಮಾಡಿಕೊಳ್ಳುವಲ್ಲಿ ಕನ್ನಡಿಗರೊಬ್ಬರ ಪಾಲೂ ಇದೆ. ಬೆಂಗಳೂರಿನ ಎಂಡೋಕ್ರಿನಾಲಜಿಸ್ಟ್ ಡಾ. ಎಸ್. ಶ್ರೀಕಾಂತ ಅವರು ಬಾಸ್ಟನ್ನಿನ ಜಾಸ್ಲಿನ್ ಕೇಂದ್ರದಲ್ಲಿದ್ದಾಗ, ಸಹೋದ್ಯೋಗಿಗಳೊಡನೆ 1983ರಲ್ಲಿ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ ಪತ್ರಿಕೆಯಲ್ಲಿ ಒಂದು ಅಧ್ಯಯನವನ್ನು ಪ್ರಕಟಿಸಿದರು. ಒಬ್ಬರಿಗೆ ಮೊದಲನೆಯ ಬಗೆಯ ಮಧುಮೇಹವಿದ್ದು ಇನ್ನೊಬ್ಬರಿಗೆ ಇನ್ನೂ ಬಂದಿರದ ಏಕರೂಪಿ ಅವಳಿಗಳನ್ನೂ ತ್ರಿವಳಿಗಳನ್ನೂ ಕುರಿತ ಅಧ್ಯಯನ ಅದು. ಕಾಯಿಲೆ ಹೊರಗೆ ಕಾಣುವುದಕ್ಕೆ ವರ್ಷಗಳ ಮೊದಲೇ ರಕ್ತದಲ್ಲಿ ಪ್ರತಿಕಾಯಗಳಿರುತ್ತವೆ, ಇನ್ಸುಲಿನ್ ತಯಾರಿಸುವ ಶಕ್ತಿ ಮೆಲ್ಲಮೆಲ್ಲನೆ ಕುಂದುತ್ತಾ ಬರುತ್ತದೆ ಎಂಬುದನ್ನು ಅದು ತೋರಿಸಿತು. ಶ್ರೀಕಾಂತ ಅವರು ಅನಂತರ ಬೆಂಗಳೂರಿಗೆ ಮರಳಿ ಅಲ್ಲಿಯೇ ರೋಗಿಗಳ ಸೇವೆಯನ್ನೂ ಸಂಶೋಧನೆಯನ್ನೂ ಮುಂದುವರಿಸಿದರು. ನಮ್ಮ ಸದಸ್ಯರ ವಿಷಯದಲ್ಲಿ ನಾವು ಮರೆತದ್ದು, ನಮ್ಮೂರಿನವರೇ ಜಗತ್ತಿಗೆ ತೋರಿಸಿಕೊಟ್ಟ ಪಾಠವನ್ನು.

ಹಾಗಾದರೆ ಮಧುಮೇಹವಿರುವ ಎಲ್ಲರೂ ನಾಳೆಯೇ ಎಂಡೋಕ್ರಿನಾಲಜಿಸ್ಟರ ಬಾಗಿಲಲ್ಲಿ ನಿಲ್ಲಬೇಕೇ? ಖಂಡಿತ ಬೇಡ. ಭಾರತದ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದ ದೊಡ್ಡ ಸಮೀಕ್ಷೆಯೊಂದು 2023ರಲ್ಲಿ ಪ್ರಕಟವಾಯಿತು. ಅದರ ಅಂದಾಜಿನಂತೆ ಭಾರತದಲ್ಲಿ ಮಧುಮೇಹಿಗಳ ಸಂಖ್ಯೆ 10 ಕೋಟಿ 10 ಲಕ್ಷ. ಇಷ್ಟು ಜನರನ್ನು ತಜ್ಞರು ಮಾತ್ರ ನೋಡಿಕೊಳ್ಳುವುದು ಅಸಾಧ್ಯ. ಅದಕ್ಕಾಗಿಯೇ ಪಬ್ಲಿಕ್ ಹೆಲ್ತ್ ಫೌಂಡೇಶನ್ ಆಫ್ ಇಂಡಿಯಾ ಮತ್ತು ಚೆನ್ನೈನ ಡಾ. ಮೋಹನ್ಸ್ ಸಂಸ್ಥೆ ಸೇರಿ, ಸಾಮಾನ್ಯ ವೈದ್ಯರಿಗೆ 2010ರಿಂದ ಮಧುಮೇಹದ ಸರ್ಟಿಫಿಕೇಟ್ ಕೋರ್ಸ್ ನಡೆಸುತ್ತಿವೆ. ಇಂಥ ಕೋರ್ಸು ಮಾಡಿದ ಕುಟುಂಬ ವೈದ್ಯರು ಒಳ್ಳೆಯ ಕೆಲಸ ಮಾಡುತ್ತಾರೆ. ಎರಡನೆಯ ಬಗೆಯ ಮಧುಮೇಹವಿದ್ದು, ಸಕ್ಕರೆ ಹತೋಟಿಯಲ್ಲಿದ್ದು, ವರ್ಷಕ್ಕೊಮ್ಮೆ ಕಣ್ಣು, ಪಾದ, ಮೂತ್ರಪಿಂಡಗಳ ಪರೀಕ್ಷೆ ತಪ್ಪದೆ ನಡೆಯುತ್ತಿದ್ದರೆ ನಿಮ್ಮ ಕುಟುಂಬ ವೈದ್ಯರೇ ಸಾಕು. ಆದರೆ ಅಂಥ ಕೋರ್ಸಿನ ಪ್ರಮಾಣಪತ್ರವನ್ನು ಗೋಡೆಗೆ ತೂಗುಹಾಕಿ, ತಾನು ಡಿ.ಎಂ. ಮಾಡಿದವರಿಗೆ ಸಮಾನನೆಂದು ಫಲಕ ಬರೆಸುವುದು ಸಲ್ಲದು. ಎಂಬಿಬಿಎಸ್ ಓದಿದ ನಾವೇ ಈ ಮಾತನ್ನು ಹೇಳುವುದು ಒಳ್ಳೆಯದು. ತಜ್ಞರು ಹೇಳಿದರೆ ಅದು ಅಹಂಕಾರದಂತೆ ಕೇಳಿಸುತ್ತದೆ.

ತಜ್ಞರು ಬೇಕಾಗುವ ಸಂದರ್ಭಗಳು ಇವು. ಮಧುಮೇಹ ಬಂದಿರುವುದು ಮಗುವಿಗೆ ಅಥವಾ ಎಳೆಯ ವಯಸ್ಸಿನವರಿಗೆ ಆಗಿದ್ದರೆ; ತೂಕ ಕಾರಣವಿಲ್ಲದೆ ಇಳಿಯುತ್ತಿದ್ದರೆ; ಮೂತ್ರದಲ್ಲಿ ಕೀಟೋನ್ ಕಂಡರೆ; ಬಸುರಿಯಾಗಿದ್ದರೆ ಅಥವಾ ಮಧುಮೇಹವಿದ್ದು ಮಗು ಬೇಕೆಂದು ಬಯಸುತ್ತಿದ್ದರೆ; ಎರಡು ಮೂರು ಔಷಧಗಳನ್ನು ಸರಿಯಾಗಿ ತೆಗೆದುಕೊಂಡೂ ಕೆಲವು ತಿಂಗಳಲ್ಲಿ ಸಕ್ಕರೆ ಹತೋಟಿಗೆ ಬಾರದಿದ್ದರೆ; ಸಕ್ಕರೆ ಪದೇ ಪದೇ ತೀರಾ ಕೆಳಗಿಳಿದು ಬೆವರಿ ನಡುಗುವಂತಾದರೆ; ಮೂತ್ರಪಿಂಡದ ಶಕ್ತಿ ಕುಂದುತ್ತಿದ್ದರೆ. ಮಗುವಿಗೆ ಅತಿ ದಾಹ, ಅತಿ ಮೂತ್ರ, ವಾಂತಿ, ಏದುಸಿರು ಕಂಡರೆ ಯಾವ ತಜ್ಞರ ಭೇಟಿಗೂ ಕಾಯದೆ ಅದೇ ಗಳಿಗೆಯಲ್ಲಿ ಆಸ್ಪತ್ರೆಗೆ ಕರೆದೊಯ್ಯಬೇಕು. ಕೀನ್ಯಾದಲ್ಲಿ ಎಂಡೋಕ್ರಿನಾಲಜಿಸ್ಟರು ಬಹಳ ಕಡಿಮೆ, ಇರುವವರಲ್ಲಿ ಬಹುಮಂದಿ ನೈರೋಬಿಯಲ್ಲಿಯೇ ಇದ್ದಾರೆ. ಹಣ ಕೊಡಬಲ್ಲೆವೆಂಬ ಕಾರಣಕ್ಕೆ ನಾವು ಸಾಮಾನ್ಯ ತಪಾಸಣೆಗೂ ಅವರ ಸಮಯವನ್ನು ತೆಗೆದುಕೊಂಡರೆ, ದೂರದ ಊರಿನಿಂದ ಮಗುವನ್ನು ಎತ್ತಿಕೊಂಡು ಬಂದ ತಾಯಿಯೊಬ್ಬಳು ಇನ್ನೂ ಒಂದು ವಾರ ಕಾಯಬೇಕಾಗುತ್ತದೆ.

ಪದವಿಯೇ ಸರ್ವಸ್ವವಲ್ಲ ಎಂಬ ಆಕ್ಷೇಪವನ್ನೂ ನಾವು ಬಲ್ಲೆವು. ವಿಶ್ವ ಮಧುಮೇಹ ದಿನವನ್ನು ಯಾರ ಜನ್ಮದಿನದಂದು ಆಚರಿಸುತ್ತೇವೆಯೋ ಆ ಫ್ರೆಡರಿಕ್ ಬ್ಯಾಂಟಿಂಗ್ ಮಧುಮೇಹ ತಜ್ಞರಾಗಿರಲಿಲ್ಲ, ಶಸ್ತ್ರವೈದ್ಯರಾಗಿದ್ದರು. ಆದರೆ ಆ ಕಥೆಯ ಉಳಿದರ್ಧವನ್ನೂ ಹೇಳಬೇಕು. 1922ರ ಜನವರಿ 11ರಂದು ಟೊರಾಂಟೊದಲ್ಲಿ ಹದಿನಾಲ್ಕು ವರ್ಷದ ಲಿಯೊನಾರ್ಡ್ ಥಾಂಪ್ಸನ್ ಎಂಬ ಹುಡುಗನಿಗೆ ಕೊಟ್ಟ ಮೊದಲ ಚುಚ್ಚುಮದ್ದು ಹೇಳಿಕೊಳ್ಳುವಂಥ ಫಲ ಕೊಡಲಿಲ್ಲ. ಜೀವರಸಾಯನ ತಜ್ಞ ಜೇಮ್ಸ್ ಕಾಲಿಪ್ ಆ ಸಾರವನ್ನು ಶುದ್ಧಗೊಳಿಸಿಕೊಟ್ಟ ಮೇಲೆ, ಜನವರಿ 23ರಿಂದ ಕೊಟ್ಟ ಔಷಧ ಹುಡುಗನನ್ನು ಬದುಕಿಸಿತು. ತನಗೆ ತಿಳಿಯದ್ದನ್ನು ತಿಳಿದವರ ಕೈಗೆ ಒಪ್ಪಿಸಿದ್ದರಿಂದಲೇ ಇನ್ಸುಲಿನ್ ನಮಗೆ ದಕ್ಕಿತು.

ಆದ್ದರಿಂದ ಸಂಘದ ಕಾರ್ಯಕಾರಿ ಸಮಿತಿಗೆ ಮೂರು ಸಲಹೆಗಳನ್ನು ಮುಂದಿಡುತ್ತಿದ್ದೇವೆ.

ಮೊದಲನೆಯದು, ಇನ್ನು ಮುಂದೆ ಯಾವ ವೈದ್ಯರನ್ನು ಪರಿಚಯಿಸಿದರೂ ಬರಿಯ ಅಕ್ಷರಗಳನ್ನು ಅಚ್ಚು ಮಾಡುವುದು ಬೇಡ. ಯಾವ ಶಾಖೆಯಲ್ಲಿ, ಎಲ್ಲಿ, ಎಷ್ಟು ವರ್ಷ ತರಬೇತಿ ಪಡೆದರು, ಯಾವ ವೈದ್ಯಕೀಯ ಮಂಡಳಿಯಲ್ಲಿ ನೋಂದಣಿಯಾಗಿದ್ದಾರೆ, ಅವರ ಪ್ರವಾಸದ ವೆಚ್ಚವನ್ನು ಯಾವುದಾದರೂ ಔಷಧ ಕಂಪನಿ ಭರಿಸಿದೆಯೇ ಎಂಬುದನ್ನು ನಾಲ್ಕು ಸಾಲಿನಲ್ಲಿ ಕನ್ನಡದಲ್ಲಿ ಬರೆಯೋಣ.

ಎರಡನೆಯದು, ಊರಿನಿಂದ ಬಂದ ತಜ್ಞರು ಉಪನ್ಯಾಸ ಮಾಡಲಿ. ಸಭಾಂಗಣದ ಮೂಲೆಯಲ್ಲಿ ಸಾಲುಗಟ್ಟಿ ನಿಂತು ಅವರಿಂದ ಔಷಧದ ಚೀಟಿ ಬರೆಸಿಕೊಳ್ಳುವುದು ನಿಲ್ಲಲಿ. ಈ ದೇಶದಲ್ಲಿ ರೋಗಿಗಳನ್ನು ನೋಡಲು ಹೊರದೇಶದ ವೈದ್ಯರು ಕೀನ್ಯಾದ ವೈದ್ಯರ ಮತ್ತು ದಂತವೈದ್ಯರ ಮಂಡಳಿಯಿಂದ ತಾತ್ಕಾಲಿಕ ಪರವಾನಗಿ ಪಡೆಯಬೇಕು. ಅಷ್ಟೇ ಅಲ್ಲ, ಐದು ನಿಮಿಷದಲ್ಲಿ ಇನ್ಸುಲಿನ್ನಿನ ಪ್ರಮಾಣ ಬದಲಿಸಿ ವಿಮಾನ ಹತ್ತುವವರು, ಮುಂದಿನ ವಾರ ನಿಮಗೆ ತಲೆ ಸುತ್ತಿದಾಗ ಇಲ್ಲಿರುವುದಿಲ್ಲ.

ಮೂರನೆಯದು ನಮಗೆ ನಾವೇ ಹಾಕಿಕೊಳ್ಳುವ ಕಟ್ಟು. ಶಿಬಿರದಲ್ಲಿ ನಾವು ಪರೀಕ್ಷೆ ಮಾಡುತ್ತೇವೆ, ಚಿಕಿತ್ಸೆ ಮಾಡುವುದಿಲ್ಲ. ಸಕ್ಕರೆ ಹೆಚ್ಚಿರುವವರಿಗೆಲ್ಲ ಒಂದು ಪತ್ರ ಬರೆದು ಅವರ ವೈದ್ಯರ ಬಳಿಗೆ ಕಳುಹಿಸುತ್ತೇವೆ. ಮೇಲೆ ಹೇಳಿದ ಲಕ್ಷಣಗಳಿದ್ದರೆ ಎಂಡೋಕ್ರಿನಾಲಜಿಸ್ಟರ ಹೆಸರನ್ನೇ ಬರೆದುಕೊಡುತ್ತೇವೆ, ಹೋದರೋ ಇಲ್ಲವೋ ಎಂದು ಎರಡು ವಾರದೊಳಗೆ ವಿಚಾರಿಸುತ್ತೇವೆ.

ಸದಸ್ಯರಲ್ಲಿ ಒಂದೇ ಪ್ರಾರ್ಥನೆ. ವೈದ್ಯರನ್ನು ನಾರಾಯಣನೆಂದು ಭಾವಿಸುವ ಸಂಸ್ಕಾರದಲ್ಲಿ ಬೆಳೆದ ನಮಗೆ “ನೀವು ಏನು ಓದಿದ್ದೀರಿ?” ಎಂದು ಕೇಳಲು ಸಂಕೋಚ. ಕೇಳಲು ಸಂಕೋಚವಾದರೆ ನೋಡಲಾದರೂ ನೋಡಿ. ಕೀನ್ಯಾದ ಮಂಡಳಿಯ ಜಾಲತಾಣದಲ್ಲಿ ವೈದ್ಯರ ಹೆಸರನ್ನು ಹುಡುಕಿದರೆ ನೋಂದಣಿಯ ವಿವರ ದೊರೆಯುತ್ತದೆ; ಭಾರತದ ರಾಷ್ಟ್ರೀಯ ವೈದ್ಯಕೀಯ ಆಯೋಗದ ಪಟ್ಟಿಯೂ ಹಾಗೆಯೇ ಸಾರ್ವಜನಿಕವಾದುದು. ಮಗಳ ಮದುವೆಗೆ ವರನ ಕುಲ, ಗೋತ್ರ, ಉದ್ಯೋಗಗಳನ್ನು ಮೂರು ಕಡೆ ವಿಚಾರಿಸುವ ನಾವು, ಜೀವವನ್ನು ಒಪ್ಪಿಸುವ ಕಡೆ ಒಂದು ಮಾತು ವಿಚಾರಿಸಿದರೆ ಯಾರಿಗೂ ಅಗೌರವವಾಗುವುದಿಲ್ಲ. ಸರಿಯಾಗಿ ಓದಿದ ವೈದ್ಯರು ಆ ಪ್ರಶ್ನೆಗೆ ಬೇಸರಪಟ್ಟುಕೊಳ್ಳುವುದೂ ಇಲ್ಲ.

ನಮ್ಮನ್ನು ಕೇಳಿದರೆ ನಾವೂ ಹೇಳುತ್ತೇವೆ: ಎಂಬಿಬಿಎಸ್. ಅದರಿಂದ ಎಷ್ಟು ದೂರ ಹೋಗಬಹುದೆಂಬುದನ್ನೂ ಎಲ್ಲಿ ನಿಲ್ಲಬೇಕೆಂಬುದನ್ನೂ ತಡವಾಗಿಯಾದರೂ ಕಲಿತಿದ್ದೇವೆ. ಫೋನು ಮಾಡಿದ ಹಿರಿಯರಿಗೆ ಇಲ್ಲಿಯ ಎಂಡೋಕ್ರಿನಾಲಜಿಸ್ಟ್ ಒಬ್ಬರ ಭೇಟಿ ಮುಂದಿನ ವಾರಕ್ಕೆ ಗೊತ್ತಾಗಿದೆ. ಅತಿಥಿಗಳ ಪರಿಚಯವನ್ನು ಶಾಖೆಯ ಹೆಸರಿನೊಡನೆ ತಿದ್ದಿ ಮತ್ತೆ ಕಳುಹಿಸಿದ್ದೇವೆ. ಉಪನ್ಯಾಸಕ್ಕೆ ಎಲ್ಲರೂ ತಪ್ಪದೆ ಬನ್ನಿ, ಪ್ರಶ್ನೆಗಳನ್ನು ಬರೆದುಕೊಂಡು ಬನ್ನಿ.